ಕೈ ಎತ್ತರದ ಹೂಜಿ

ನಮ್ಮ ಊರಿನಲ್ಲಿ ನನ್ನಷ್ಟು ಸಿಡುಕ ಇನ್ನೊಬ್ಬನಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಬೇರೆ ಊರುಗಳಲ್ಲಿ ಸಿಡುಕರನ್ನು ಕಂಡರೆ ಜನ ದಾರಿ ಬದಲಿಸುತ್ತಾರಂತೆ. ನಮ್ಮಲ್ಲಿ ನಾನು ಭಟ್ಟಿ ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತು, "ಏನಪಾ ಅಡಿವೆಪ್ಪ, ತಲಿ ಪೂರಾ ಬೋಳಾತಲ್ಲ" ಎನ್ನುತ್ತಿದ್ದರು. ಅದು ಅವರು ನನಗೆ ತೋರಿಸುತ್ತಿದ್ದ ಮರ್ಯಾದೆ. ನನ್ನ ಸಿಟ್ಟು ಆರದಂತೆ ನೋಡಿಕೊಳ್ಳುವುದು ಇಡೀ ಊರಿನ ಜವಾಬ್ದಾರಿಯಾಗಿತ್ತು. ಯಾಕೆಂದರೆ ನಾನು ಗಾಜು ಊದುವವನು. ನಮ್ಮ ಊರಿನ ಗಾಜು, ಊದುವವನು ಖುಷಿಯಲ್ಲಿದ್ದರೆ, ಮೇಲಕ್ಕೆ ಹೋಗುತ್ತದೆ.

ಸ್ವಲ್ಪ ಖುಷಿಯಿದ್ದರೆ ಸ್ವಲ್ಪ ಹೋಗುತ್ತದೆ, ಬಹಳ ಖುಷಿಯಿದ್ದರೆ ಹಂಚು ಒಡೆದುಕೊಂಡು ಹೋಗುತ್ತದೆ. ಸಿಟ್ಟಿನಲ್ಲಿ ಊದಿದ್ದು ಮಾತ್ರ ಇಟ್ಟ ಕಡೆ ಇರುತ್ತದೆ. ಇದಕ್ಕೆ ನಾವೆಲ್ಲ ಹುಟ್ಟಿದಾಗಿನಿಂದ ಹೊಂದಿಕೊಂಡಿದ್ದೇವೆ. ಅಡುಗೆಮನೆಯ ನೆಲದಲ್ಲಿ ಸಣ್ಣ ಕೊಂಡಿಗಳಿರುತ್ತವೆ, ಲೋಟಗಳನ್ನು ಅವಕ್ಕೆ ದಾರದಿಂದ ಕಟ್ಟಿರುತ್ತೇವೆ. ಉಪ್ಪಿನಕಾಯಿ ಭರಣಿ ತುಂಬಿದ್ದಾಗ ನೆಲದ ಮೇಲೆ ಕೂತಿರುತ್ತದೆ, ಖಾಲಿಯಾಗುತ್ತ ಬಂದಂತೆ ಮೆಲ್ಲಗೆ ಏಳುತ್ತದೆ. ಅದು ಗೋಡೆಯ ಗೂಡಿನ ಮಟ್ಟಕ್ಕೆ ಬಂತೆಂದರೆ ಹೆಂಗಸರು ಮಾವಿನಕಾಯಿ ವಿಚಾರಿಸಲು ಶುರುಮಾಡುತ್ತಾರೆ. ನಮ್ಮ ಶಾಲೆಯ ಮಾಸ್ತರರ ಕನ್ನಡಕ ಹೊಸದಾಗಿ ಮದುವೆಯಾದವನೊಬ್ಬ ಮಾಡಿದ್ದು. ಪಾಠದ ನಡುವೆ ಅದು ಮೂಗು ಬಿಟ್ಟು ಹಣೆಗೆ, ಹಣೆ ಬಿಟ್ಟು ನೆತ್ತಿಗೆ ಏರುತ್ತದೆ. ಅವರು ಅದಕ್ಕೆ ದಾರ ಕಟ್ಟಿ ಅಂಗಿಯ ಗುಂಡಿಗೆ ಬಿಗಿದಿದ್ದಾರೆ, ಎಳೆದುಕೊಳ್ಳುತ್ತಲೇ ಮಗ್ಗಿ ಹೇಳಿಸುತ್ತಾರೆ. ಬಳೆ ಓಣಿಯವರು ಮಾತ್ರ ಬೇಕೆಂದೇ ಹಾಡು ಹೇಳಿಕೊಂಡು, ಕಚಗುಳಿ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಹಗುರ ಬಳೆ ಎಂದರೆ ನಮ್ಮ ಹುಡುಗಿಯರಿಗೆ ಪ್ರಾಣ. ಅದಕ್ಕೇ ನಮ್ಮಲ್ಲಿ ಮದುವೆಯ ಹೊತ್ತಿಗೆ ವಧುವಿನ ಎರಡೂ ಕೈ ತಲೆಯ ಮೇಲಿರುತ್ತವೆ. ತಾಳಿ ಕಟ್ಟುವವನಿಗೆ ಅದರಿಂದ ಅನುಕೂಲವೇ ಆಗುತ್ತದೆ.

ಆದರೆ ನೀರು ಕುಡಿಯುವ ಲೋಟ, ಹೂಜಿ, ದೀಪದ ಬುರುಡೆ ಇವೆಲ್ಲ ಹಾರಿಹೋದರೆ ಸಂಸಾರ ನಡೆಯುವುದು ಹೇಗೆ? ಅವಕ್ಕೆ ನನ್ನಂಥವನೇ ಬೇಕು. ನನ್ನ ಹೆಂಡತಿ ಕಾಶವ್ವ ಅಕ್ಕಿಯಿಂದ ಆರಿಸಿದ ಕಲ್ಲುಗಳನ್ನು ಬಟ್ಟಲಲ್ಲಿ ಕೂಡಿಟ್ಟು, ನನಗೆ ಬಡಿಸುವಾಗ ಒಂದೆರಡನ್ನು ವಾಪಸು ಅನ್ನಕ್ಕೆ ಸೇರಿಸುತ್ತಿದ್ದಳು. ಚಹಾ ಪೂರ್ತಿ ಆರುವವರೆಗೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಕ್ಷೌರದ ಯಂಕಪ್ಪ ನನ್ನ ಮೀಸೆಯ ಎಡಗಡೆ ಯಾವಾಗಲೂ ತುಸು ಹೆಚ್ಚು ಬಿಡುತ್ತಿದ್ದ. ಬೀಗರು ಹೇಳದೆ ಕೇಳದೆ ಬಂದು ವಾರಗಟ್ಟಲೆ ಇದ್ದು ಹೋಗುತ್ತಿದ್ದರು, ಹೋಗುವಾಗ ಅಡಿವೆಪ್ಪನ ಕಸುಬಿಗೆ ನಮ್ಮದೂ ಒಂದಿಷ್ಟು ಸೇವೆ ಎನ್ನುತ್ತಿದ್ದರು. ನಾನು ಉರಿದುಕೊಂಡು ಭಟ್ಟಿಗೆ ಹೋಗುತ್ತಿದ್ದೆ, ಊದುತ್ತಿದ್ದೆ. ನನ್ನ ಲೋಟಗಳು ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ.

ನಮ್ಮಲ್ಲಿ ಒಂದು ಭಟ್ಟಿಗೆ ಇಬ್ಬರು. ಒಬ್ಬರು ಊದುವವರು, ಇನ್ನೊಬ್ಬರು ಗೆರೆಯವರು. ಗೆರೆಯವರು ಭಟ್ಟಿಯ ನೆಲದ ಮೇಲೆ ಇದ್ದಿಲಿನಿಂದ ಆಕಾರ ಬರೆಯುತ್ತಾರೆ, ಊದುವವರು ಅದನ್ನು ನೋಡಿಕೊಂಡು ಊದುತ್ತಾರೆ. ಊದುವವನ ತಲೆ ತಿನ್ನುವುದೂ ಗೆರೆಯವರ ಕೆಲಸವೇ. ನನ್ನ ಹಳೆಯ ಗೆರೆಯವನು ರಾಚಯ್ಯ ಇದರಲ್ಲಿ ಎತ್ತಿದ ಕೈ. ಒಮ್ಮೆ ಹೂಜಿಯ ಹಿಡಿಕೆಯನ್ನು ಹೂಜಿಯ ಒಳಗೆ ಬರೆದು, "ಹೊರಗ ಇದ್ರ ಎಲ್ಲಾರೂ ಹಿಡೀತಾರ, ಸವೀತೈತಿ" ಎಂದಿದ್ದ. ನಾನು ಊದುವಾಗ ಬೆನ್ನ ಹಿಂದೆ ನಿಂತು ಒಂದೇ ಹಾಡಿನ ಒಂದೇ ಸಾಲನ್ನು ತಪ್ಪು ರಾಗದಲ್ಲಿ ಗುನುಗುತ್ತಿದ್ದ. ವರ್ಷಾನುಗಟ್ಟಲೆ ನಾವಿಬ್ಬರೂ ಮನಸಾರೆ ದ್ವೇಷಿಸಿಕೊಂಡು ಚೆನ್ನಾಗಿದ್ದೆವು. ಆಮೇಲೆ ಆ ಪುಣ್ಯಾತ್ಮ ಅರವತ್ತು ದಾಟಿದ ಮೇಲೆ ಎರಡನೇ ಮದುವೆ ಮಾಡಿಕೊಂಡು ಕೆಟ್ಟುಹೋದ. ಬೆಳಗ್ಗೆ ಬಂದು ನನ್ನ ಭುಜ ತಟ್ಟಿ, "ನಿನ್ನಂಥ ಕಸುಬುದಾರ ಇನ್ನೊಬ್ಬ ಇಲ್ಲಪಾ" ಅನ್ನತೊಡಗಿದ. ಲೋಟಗಳು ಮಿಸುಕಾಡಲು ಶುರುವಾದವು. ಭಟ್ಟಿಯ ಪಂಚರು ಅವನನ್ನು ಮನೆಗೆ ಕಳಿಸಿದರು.

ಪಂಚರ ಹಿರಿಯಳು ಸಿದ್ಲಿಂಗವ್ವ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಬೆನ್ನು ಬಾಗಿ ಅರ್ಧವಾಗಿದ್ದ ಮುದುಕಿ, ಬಾಯಲ್ಲಿ ಸದಾ ಎಲೆ ಅಡಿಕೆ. ಆಯಿ ನನಗೆ ಹುಡುಕಿ ಹುಡುಕಿ ಹೊಸ ಗೆರೆಯವರಾಗಿ ಜೈತುನಬಿಯನ್ನು ಜೋಡಿ ಮಾಡಿದಳು. ಜೈತುನಬಿ ಅಲ್ಲಿಯವರೆಗೆ ಮದುವೆಮನೆಗಳಲ್ಲಿ ಮೆಹಂದಿ ಬರೆಯುತ್ತಿದ್ದವರು. ಬಾಯಿ ಎಷ್ಟು ಹರಿತವೆಂದರೆ, ವಧುವಿನ ಅಂಗೈ ಹಿಡಿದುಕೊಂಡು ಎದುರಿಗಿದ್ದ ವರನ ಬಗ್ಗೆ ಅವರು ಆಡಿದ ಮಾತಿಗೆ ಎಷ್ಟೋ ವರರು ಅತ್ತಿದ್ದರು. "ಈಕಿ ನಿನ್ನ ಚಲೋ ಉರಸ್ತಾಳ" ಎಂದು ಆಯಿ ಭರವಸೆ ಕೊಟ್ಟಳು. ಹೊಸ ಜೋಡಿಗೆ ಮೂರು ತಿಂಗಳ ಗಡುವು. ಗಡುವು ಮುಗಿಯುವ ಅಮಾವಾಸ್ಯೆಯ ದಿನ ಚಾವಡಿಯ ಮೇಜಿನ ಮೇಲೆ ತಾವು ಮಾಡಿದ ಖಾಲಿ ಹೂಜಿ ಇಡಬೇಕು. ಕೂತರೆ ಜೋಡಿ ಉಳಿಯುತ್ತದೆ. ಹಾರಿ ಛಾವಣಿ ಮುಟ್ಟಿದರೆ ಜೋಡಿ ಮುರಿಯುತ್ತಾರೆ, ಇಬ್ಬರನ್ನೂ ಬೇರೆ ಬೇರೆಯವರಿಗೆ ಕೊಡುತ್ತಾರೆ, ಮತ್ತೆ ಒಂದೇ ಭಟ್ಟಿಯಲ್ಲಿ ಆ ಇಬ್ಬರು ಕೆಲಸ ಮಾಡುವಂತಿಲ್ಲ.

ಮೊದಲ ದಿನ ಜೈತುನಬಿ ಬಂದವರೇ ಭಟ್ಟಿಯನ್ನು ಸುತ್ತ ನೋಡಿ, "ಇದು ಭಟ್ಟಿಯೋ ಕೋಳಿಗೂಡೋ?" ಎಂದರು. ನನಗೆ ಸಮಾಧಾನವಾಯಿತು. ನನ್ನ ಮೀಸೆ ನೋಡಿ, "ಎಡಕ್ಕ ಇನ್ನೊಬ್ಬರ ಮೀಸಿ ಹಚ್ಚಿದಂಗ ಐತಿ" ಎಂದರು. ಇನ್ನೂ ಸಮಾಧಾನವಾಯಿತು. ಆಮೇಲೆ ನೆಲಕ್ಕೆ ಕೂತು ಇದ್ದಿಲು ತಗೊಂಡು ಒಂದು ಹೂಜಿ ಬರೆದರು. ದುಂಡನೆಯ ಹೊಟ್ಟೆ, ಅದರ ಮೇಲೆ ಕುತ್ತಿಗೆ, ಆ ಕುತ್ತಿಗೆ ಒಂಚೂರು ಬಲಕ್ಕೆ ವಾಲಿತ್ತು, ಗೋಡೆಯ ಆಚೆ ನೆರೆಮನೆಯವರ ಮಾತು ಕೇಳಲು ಕಿವಿ ಕೊಟ್ಟವರ ಹಾಗೆ. ನಾನು ಅದನ್ನು ನೋಡಿದೆ. ಹೊಟ್ಟೆಯೊಳಗೆ ಏನೋ ಆಯಿತು. ಬೆಳಗಿನ ಉಪ್ಪಿಟ್ಟು ಇರಬೇಕು ಅಂದುಕೊಂಡೆ.

"ಕುತ್ತಿಗಿ ಹಿಂಗ ವಾಲಿಸಿದ್ರ ಗಾಜು ನಿಲ್ಲೂದಿಲ್ರಿ," ಎಂದೆ. "ಬಿಸಿ ಇದ್ದಾಗ ಇನ್ನೂ ಇಳೀತೈತಿ." ರಾಚಯ್ಯನಾಗಿದ್ದರೆ ‘ಅದು ನಿನ್ನ ಹಣೇಬರಹ’ ಎನ್ನುತ್ತಿದ್ದ. ಜೈತುನಬಿ ತಲೆಯೆತ್ತಿ, "ಎಷ್ಟು ಇಳೀತೈತಿ?" ಎಂದು ಕೇಳಿದರು. ನಾನು ಕೈಯಿಂದ ತೋರಿಸಿದೆ. ಅವರು ಬರೆದ ಕುತ್ತಿಗೆಯನ್ನು ಅಂಗೈಯಿಂದ ಒರೆಸಿ, ಅದಕ್ಕಿಂತ ನೆಟ್ಟಗೆ ಇನ್ನೊಂದು ಬರೆದರು. "ಹಂಗಾರ ನಾ ಇಷ್ಟಕ್ಕ ಬಿಡ್ತೀನಿ. ಉಳಿದದ್ದು ಗಾಜ ಮಾಡ್ಲಿ."

ಅಷ್ಟು ವರ್ಷಗಳಲ್ಲಿ ಗಾಜು ಏನು ಮಾಡುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಗೆರೆಯವರು ಆಕಾರ ಬರೆಯುತ್ತಾರೆ, ನಾವು ಬೈದುಕೊಂಡು ಅದನ್ನು ಮುಟ್ಟಿಸುತ್ತೇವೆ, ಅಷ್ಟೇ. ಈಕೆ ಆರಿದ ಮೇಲಿನ ಹೂಜಿಯನ್ನು ಬರೆಯದೆ ಆರುವ ಮೊದಲಿನ ಹೂಜಿಯನ್ನು ಬರೆದಿದ್ದರು, ಕೊನೆಯ ಒಂದಿಷ್ಟನ್ನು ನನಗೂ ಗಾಜಿಗೂ ಬಿಟ್ಟಿದ್ದರು. ನಾನು ಊದುಗೊಳವೆಯನ್ನು ಕರಗಿದ ಗಾಜಿನಲ್ಲಿ ಅದ್ದಿ ತಿರುಗಿಸಿ ತೆಗೆದೆ, ಊದಿದೆ, ಮತ್ತೆ ಕಾಯಿಸಿದೆ, ಮತ್ತೆ ಊದಿದೆ. ಹೊಟ್ಟೆ ದುಂಡಗಾಯಿತು. ಕುತ್ತಿಗೆ ಎಳೆದೆ. ಅದು ನಿಧಾನಕ್ಕೆ, ನಾವಿಬ್ಬರೂ ನೋಡುತ್ತಿದ್ದಂತೆಯೇ, ಬಲಕ್ಕೆ ವಾಲಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ನಾನು ಅದನ್ನು ಗೊಳವೆಯಿಂದ ಬಿಡಿಸಿದೆ. ಹೂಜಿ ನನ್ನ ಮೂಗಿನ ಮುಂದೆಯೇ ಎದ್ದು, ಭಟ್ಟಿಯನ್ನು ಒಂದು ಸುತ್ತು ಹಾಕಿ, ಹಂಚಿಗೆ ಹೋಗಿ ಅಂಟಿಕೊಂಡಿತು.

"ಶಾಖಕ್ಕ ಹಂಗಾಗತೈತಿ," ಎಂದೆ. ಜೈತುನಬಿ ಮೇಲೆ ನೋಡಿದರು, ನನ್ನ ಮುಖ ನೋಡಿದರು. "ಅಡಿವೆಪ್ಪಣ್ಣ, ನೀವು ನಗಾಕತ್ತೀರಿ," ಎಂದರು. ನಾನು ಮುಖ ಮುಟ್ಟಿ ನೋಡಿಕೊಂಡೆ. ನಿಜ, ನಗುತ್ತಿದ್ದೆ.

ಅಲ್ಲಿಂದ ನನ್ನ ಬದುಕು ಹಳ್ಳ ಹಿಡಿಯಿತು. ಬೆಳಗ್ಗೆ ಎದ್ದರೆ ಹಾಸಿಗೆಯಿಂದ ಜಿಗಿದು ನಿಲ್ಲುತ್ತಿದ್ದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ಹಲ್ಲಿನ ನಡುವೆ ಕಟಕಟ ಅನಿಸಿ ನಗುತ್ತಿದ್ದೆ. ಕಾಶವ್ವ ಗಾಬರಿಯಾಗಿ ಉಪ್ಪು ಎರಡು ಪಟ್ಟು ಹಾಕಿದಳು, ನಾನು ಇನ್ನೊಂದು ಸಲ ಬಡಿಸಿಕೊಂಡೆ. ಆವತ್ತು ಅವಳು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದಳು. "ನಿಮಗ ಸಿಟ್ಟು ಬರಸಾಕ ನನಗ ಎಷ್ಟು ಕಷ್ಟ ಆಗಿತ್ತು ಗೊತ್ತೈತೇನು? ಈಗ ಅದೂ ಉಪಯೋಗಕ್ಕ ಇಲ್ಲ," ಎಂದಳು. ಮದುವೆಯಾದಾಗಿನಿಂದ ನನಗೆ ಬಿಸಿ ಚಹಾ ಕೊಡಬೇಕೆಂದು ಅವಳಿಗೆ ಅನಿಸುತ್ತಿತ್ತಂತೆ, ಕಸುಬಿನ ಮುಖ ನೋಡಿ ತಡೆದುಕೊಂಡಿದ್ದಳಂತೆ. ನಾನು ಅವಳ ಕೈ ಹಿಡಿದುಕೊಂಡೆ. ಆವತ್ತು ಮಧ್ಯಾಹ್ನ ಊದಿದ ಆರು ಲೋಟಗಳೂ ಹಂಚು ಸರಿಸಿಕೊಂಡು ಹೋದವು.

ಭಟ್ಟಿಯಲ್ಲಿ ನಾವಿಬ್ಬರೂ ಮೈಮರೆತಿದ್ದೆವು. ಜೈತುನಬಿ ನೆಲದ ತುಂಬ ಬರೆಯುತ್ತಿದ್ದರು. ನಾನು, "ಇಲ್ಲಿ ಗಾಜು ತೆಳ್ಳಗಾಗತೈತಿ" ಎಂದರೆ, "ತೆಳ್ಳಗಾದಲ್ಲಿ ಬೆಳಕು ಹ್ಯಾಂಗ ಬೀಳತೈತಿ ತೋರಿಸ್ರಿ" ಎನ್ನುತ್ತಿದ್ದರು. ನಾನು ಊದಿ ತೋರಿಸುತ್ತಿದ್ದೆ. ಅದು ಹಾರುತ್ತ ಹಾರುತ್ತಲೇ ಅವರು ನೆಲದ ಮೇಲೆ ಬಿದ್ದ ಅದರ ನೆರಳನ್ನು ಗೆರೆ ಎಳೆದು ಹಿಡಿಯುತ್ತಿದ್ದರು. ಆ ನೆರಳಿನಿಂದ ಇನ್ನೊಂದು ಆಕಾರ ಹುಟ್ಟುತ್ತಿತ್ತು. ಯಾವ ಗೆರೆ ಅವರದ್ದು, ಯಾವುದು ನನ್ನದು ಎಂದು ಕೇಳಿದರೆ ಹೇಳಲು ನಮಗೆ ಆಗುತ್ತಿರಲಿಲ್ಲ. ಸಂಜೆ ಹೊತ್ತಿಗೆ ಛಾವಣಿಯ ಒಳಮೈ ಪೂರ್ತಿ ಹೂಜಿ, ಬಟ್ಟಲು, ಬುರುಡೆಗಳು. ಮುಖವೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಚೆಂದ. ಉಪಯೋಗಕ್ಕೆ ಬಾರದ್ದು ಒಂದೇ ಅದರ ದೋಷ.

ಅಮಾವಾಸ್ಯೆ ಹತ್ತಿರ ಬರತೊಡಗಿತು. ಆಯಿ ಒಂದು ದಿನ ಕೋಲೂರಿಕೊಂಡು ಬಂದು ಛಾವಣಿಯ ಕಡೆ ಕಷ್ಟಪಟ್ಟು ಕತ್ತೆತ್ತಿದಳು. "ಹಿಂಗಾ," ಎಂದಳು. ನಮ್ಮ ಜೋಡಿ ಮುರಿದರೆ ಏನಾಗುತ್ತದೆ ಎಂದು ಹೇಳಿಯೂ ಹೋದಳು. ಜೈತುನಬಿ ಬಳೆ ಓಣಿಗೆ. ಬಳೆ ಓಣಿಯಲ್ಲಿ ಗೆರೆಯವರಿಗೆ ಕೆಲಸವೆಂದರೆ ಸುತ್ತು ಎಳೆಯುವುದು, ದೊಡ್ಡ ಸುತ್ತು, ಸಣ್ಣ ಸುತ್ತು, ಜೀವಮಾನವಿಡೀ ಸುತ್ತು. ನನಗೆ ರಾಚಯ್ಯನ ತಮ್ಮ. ಅವನು ಅಣ್ಣನಿಗಿಂತ ಒಂದು ಕೈ ಹೆಚ್ಚು, ಬಾಯಿಯೇ ಇಲ್ಲದ ಹೂಜಿ ಬರೆಯುವವನು. ಆಯಿ ಹೋದ ಮೇಲೆ ಜೈತುನಬಿ ಇದ್ದಿಲಿನಿಂದ ನೆಲದ ಮೇಲೆ ಒಂದು ಸುತ್ತು ಎಳೆದರು, ಅದನ್ನು ನೋಡಿದರು, ಕಾಲಿನಿಂದ ಒರೆಸಿದರು. ಈ ಹೆಂಗಸು ಸುತ್ತು ಎಳೆಯುತ್ತ ಕೂರಬಾರದು ಎಂದು ನಾನು ಆಗಲೇ ತೀರ್ಮಾನ ಮಾಡಿದೆ.

ಉಪಾಯ ನನ್ನದೇ. ಹೂಜಿಯ ತಳವನ್ನು ದಪ್ಪಗೆ, ನಾಲ್ಕು ಬೆರಳು ದಪ್ಪ ಮಾಡಿಬಿಟ್ಟರೆ ಭಾರಕ್ಕೆ ಕೂತೇ ಕೂರುತ್ತದೆ. ಇಂಥ ಜಾಣತನ ಈವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ಹಿಗ್ಗಿದೆ. ಗಾಜು ಹೆಚ್ಚಾದಷ್ಟೂ ಅದರೊಳಗಿನ ಖುಷಿಯೂ ಹೆಚ್ಚು ಎಂಬುದು ತಲೆಗೆ ಬರಲಿಲ್ಲ. ಗೊಳವೆ ಅದ್ದಿ ದೊಡ್ಡ ಮುದ್ದೆ ತೆಗೆದು ಒಂದು ಉಸಿರು ಊದಿದ್ದೆನೋ ಇಲ್ಲವೋ, ಗೊಳವೆ ಮೇಲಕ್ಕೆ ಎದ್ದಿತು, ಅದರ ಜೊತೆ ನಾನೂ. ಕಾಲು ನೆಲ ಬಿಟ್ಟಿತು. ಜೈತುನಬಿ ಓಡಿಬಂದು ನನ್ನ ಧೋತರದ ಚುಂಗು ಹಿಡಿದರು, ಧೋತರದ ನಂಬಿಕೆ ಎಷ್ಟೆಂದು ಯೋಚಿಸಿ ಅದನ್ನು ಬಿಟ್ಟು ಪಾದ ಹಿಡಿದರು. ಅವರ ಕಾಲೂ ನೆಲ ಬಿಟ್ಟಿತು. "ಗೊಳವಿ ಬಿಡ್ರಿ," ಎಂದರು ಕೆಳಗಿನಿಂದ. "ಬಿಟ್ರ ಹೂಜಿ ಕೆಡತೈತಿ," ಎಂದೆ ಮೇಲಿನಿಂದ. "ಬಿಡದಿದ್ರ ನಾವು ಕೆಡ್ತೀವಿ." ತೊಲೆಗೆ ತಲೆ ತಾಗಿದಾಗ ಬಿಟ್ಟೆ. ಇಬ್ಬರೂ ಇದ್ದಿಲಿನ ರಾಶಿಯ ಮೇಲೆ ಬಿದ್ದೆವು. ಗೊಳವೆಯ ಸಮೇತ ಅರೆಬೆಂದ ಹೂಜಿ ಛಾವಣಿ ಒಡೆದುಕೊಂಡು ಹೋಯಿತು. ಮೈಯೆಲ್ಲ ಕಪ್ಪಾಗಿ ಕೂತಿದ್ದ ಜೈತುನಬಿಯನ್ನು ನೋಡಿ ನನಗೂ, ನನ್ನನ್ನು ನೋಡಿ ಅವರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ, ಹೀಗೆ ನಕ್ಕರೆ ನಮ್ಮ ಗತಿ ಏನು ಎಂದು ನೆನಪಾಗಿ ಸುಮ್ಮನಾದೆವು.

ಊರಿಗೆಲ್ಲ ಸುದ್ದಿ ಗೊತ್ತಾಯಿತು. ಚಾವಡಿಗೆ ಒಯ್ಯುವ ಹೂಜಿ ಊದಬೇಕಾದ ಬೆಳಗ್ಗೆ ನನ್ನ ಮನೆಯ ಮುಂದೆ ಜನ ಸರದಿ ನಿಂತಿದ್ದರು. ಎಲ್ಲರೂ ನನಗೆ ಸಿಟ್ಟು ಬರಿಸಲು ಬಂದವರು. ಯಂಕಪ್ಪ ನನ್ನ ಮೀಸೆಯ ಬಲಗಡೆಯನ್ನು ಪೂರ್ತಿ ತೆಗೆದ. ಮಾಸ್ತರರು ಕನ್ನಡಕ ಎಳೆದುಕೊಳ್ಳುತ್ತ ನಾನು ಶಾಲೆಯಲ್ಲಿ ಎಷ್ಟು ದಡ್ಡನಾಗಿದ್ದೆ ಎಂದು ಉದಾಹರಣೆ ಸಮೇತ ವಿವರಿಸಿದರು. ಪಕ್ಕದ ಮನೆಯವಳು ತನ್ನ ಆಡು ಬಿಟ್ಟಳು, ಅದು ನನ್ನ ಒಗೆದ ಅಂಗಿ ತಿಂದಿತು. ರಾಚಯ್ಯ ತನ್ನ ಹೊಸ ಹೆಂಡತಿಯನ್ನೂ ಕರೆದುಕೊಂಡು ಬಂದು ಇಬ್ಬರೂ ಸೇರಿ ಆ ಹಳೆಯ ಸಾಲನ್ನು ತಪ್ಪು ರಾಗದಲ್ಲಿ ಹಾಡಿದರು. ಬೀಗರು ಹಾಸಿಗೆ ಸುತ್ತಿಕೊಂಡು ಬಂದು, ಈ ಸಲ ಆರು ತಿಂಗಳು ಇರುತ್ತೇವೆ ಎಂದರು. ನಾನು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡಿದೆ. ಇವರೆಲ್ಲ ಕೆಲಸ ಬಿಟ್ಟು ನನಗೋಸ್ಕರ ಬಂದಿದ್ದಾರೆ ಅನಿಸಿತು. ಸಿಟ್ಟು ಬರುವುದು ಹಾಗಿರಲಿ, ಆಡನ್ನು ಎತ್ತಿ ಮುದ್ದಾಡಿದೆ. ಸರದಿಯಲ್ಲಿದ್ದವರು ಹಣೆ ಹಣೆ ಬಡಿದುಕೊಂಡರು.

ಭಟ್ಟಿಗೆ ಹೋದರೆ ಜೈತುನಬಿ ಆಗಲೇ ನೆಲದ ಮೇಲೆ ಕೂತಿದ್ದರು. "ಇವತ್ತ ಕೆಟ್ಟದ್ದು ಬರೀತೀನಿ," ಎಂದರು. "ನಿಮಗ ನೋಡಿದ್ರ ಹೇಸಿಗಿ ಬರಬೇಕು, ಅಂಥಾದ್ದು." ಹೊಟ್ಟೆಯನ್ನು ಚಪ್ಪಟೆಯಾಗಿ ಬರೆಯಲು ಹೋದರು, ಕೈ ತಾನಾಗಿಯೇ ದುಂಡಗೆ ತಿರುಗಿತು. ಒರೆಸಿದರು. ಕುತ್ತಿಗೆಯನ್ನು ಗೂಟದ ಹಾಗೆ ಬರೆಯಲು ಹೋದರು, ಅದು ವಾಲಿತು. ಒರೆಸಿದರು. ನೆಲವೆಲ್ಲ ಮಸಿಯಾಯಿತು. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ವರರನ್ನು ಅಳಿಸಿದ ಹೆಂಗಸು ಒಂದು ಕೆಟ್ಟ ಗೆರೆ ಎಳೆಯಲಾಗದೆ ಇದ್ದಿಲು ಕೆಳಗಿಟ್ಟರು. "ಆಗವಲ್ದು ಅಡಿವೆಪ್ಪಣ್ಣ," ಎಂದರು. "ಬ್ಯಾರೆ ಯಾರಿಗರೆ ಕೆಟ್ಟದ್ದು ಬರೀತಿದ್ದೆ. ನಿಮಗ ಬರೀಲಿಕ್ಕೆ ಆಗವಲ್ದು."

ನಾನೂ ನೆಲಕ್ಕೆ ಕೂತೆ. ಕೊನೆಗೆ ಅವರೇ ಎದ್ದು ಸೆರಗಿಗೆ ಕೈ ಒರೆಸಿಕೊಂಡರು. "ಆದದ್ದಾಗ್ಲಿ. ಹಾರಿದ್ರ ಹಾರ್ಲಿ. ಕಡೀದು ಚೆಂದ ಆಗ್ಲಿ," ಎಂದು ಒಂದೇ ಉಸಿರಿಗೆ ಒಂದು ಹೂಜಿ ಬರೆದರು. ಅದನ್ನು ಹೇಗೆ ಹೇಳಲಿ. ಅದರ ಹೊಟ್ಟೆಯಿಂದ ಕುತ್ತಿಗೆಗೆ ಹೋಗುವ ಗೆರೆಯಲ್ಲಿ ಒಂದು ಕಡೆ ಅವರು ಇದ್ದಿಲು ಎತ್ತಿಬಿಟ್ಟಿದ್ದರು, ಅಲ್ಲಿ ಗೆರೆಯೇ ಇರಲಿಲ್ಲ. ಆ ಖಾಲಿ ಜಾಗ ನನ್ನದು ಎಂದು ಗೊತ್ತಾಯಿತು. ಗೊಳವೆ ಹಿಡಿದೆ. ಊದುವಾಗ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ, ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಇದೇ ಕೊನೆ, ನಾಳೆಯಿಂದ ಈಕೆ ಇಲ್ಲ ಎಂಬ ಸಂಕಟವೂ ಅದರ ಜೊತೆಗೇ ಇತ್ತು. ನಗುತ್ತಿದ್ದೆ, ಕಣ್ಣಿಂದ ನೀರು ಇಳಿದು ಅರ್ಧ ಮೀಸೆಯಲ್ಲಿ ನಿಲ್ಲುತ್ತಿತ್ತು. ಖಾಲಿ ಜಾಗಕ್ಕೆ ಬಂದಾಗ ಉಸಿರು ಹಿಡಿದು ಗಾಜನ್ನು ಅದರ ಪಾಡಿಗೆ ಬಿಟ್ಟೆ. ಅದು ತಾನೇ ತಿರುಗಿಕೊಂಡಿತು. ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಆರಲೆಂದು ಬಿಸಿಬೂದಿಯ ಗುಂಡಿಯಲ್ಲಿಟ್ಟು ಮೇಲೆ ಚಪ್ಪಡಿ ಎಳೆದೆ. ಇಬ್ಬರೂ ಮನೆಗೆ ಹೋದೆವು.

ಮರುದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೂದಿಯ ಬುಟ್ಟಿಯಲ್ಲೇ ಹೂಜಿಯನ್ನು ತಂದಿದ್ದೆ, ಮೇಲೆ ಕಲ್ಲು ಹೇರಿದ್ದೆ. ಪಂಚರು ಗೋಡೆಗೆ ಒರಗಿ ಕೂತಿದ್ದರು, ಆಯಿ ನಡುವೆ. ನಾನು ಕಲ್ಲು ತೆಗೆದು ಹೂಜಿಯನ್ನು ಮೇಜಿನ ಮೇಲಿಟ್ಟು ಕೈ ತೆಗೆದೆ. ಅದು ಎದ್ದಿತು. ಜನರೆಲ್ಲ ಅಯ್ಯೋ ಎಂದರು. ಜೈತುನಬಿ ಕಣ್ಣು ಮುಚ್ಚಿಕೊಂಡರು. ಹೂಜಿ ಮೇಜಿನಿಂದ ಒಂದು ಗೇಣು, ಎರಡು ಗೇಣು ಏರಿತು, ಆಮೇಲೆ ನಿಂತಿತು. ಅಲ್ಲೇ ನಿಂತಿತು. ನಿಂತ ಮನುಷ್ಯ ಮೊಣಕೈ ಮಡಚಿ ಕೈ ಚಾಚಿದರೆ ಅಂಗೈ ಎಲ್ಲಿರುತ್ತದೋ ಆ ಎತ್ತರದಲ್ಲಿ, ಯಾರಾದರೂ ತಗೊಳ್ಳಲಿ ಎಂಬಂತೆ ನಿಂತಿತು.

ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಆಯಿ ಎದ್ದು ಬಂದು ಕೋಲಿನಿಂದ ಅದನ್ನು ಕೆಳಕ್ಕೆ ಒತ್ತಿದಳು, ಬಿಟ್ಟಾಗ ಅದು ಮತ್ತೆ ಅಲ್ಲಿಗೇ ಬಂತು. ನೀರು ತುಂಬಿಸಿದಳು. ಹೂಜಿ ತುಸು ಇಳಿದು ಬಾಗಿದ ಆಯಿಯ ಬಾಯಿಯ ಮಟ್ಟಕ್ಕೆ ಬಂದು ನಿಂತಿತು. ಬೆನ್ನು ಬಾಗಿದ ಮೇಲೆ ಆಯಿ ನೀರು ಕುಡಿಯಬೇಕಾದರೆ ಇನ್ನೊಬ್ಬರು ಲೋಟ ಹಿಡಿಯಬೇಕಿತ್ತು. ಈಗ ಎಲೆ ಅಡಿಕೆ ಉಗುಳಿ, ಒಂದು ಬೆರಳಿಂದ ಹೂಜಿಯನ್ನು ವಾಲಿಸಿ, ಗಟಗಟ ಕುಡಿದಳು. ಬಾಯಿ ಒರೆಸಿಕೊಂಡು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು.

ಪಂಚರಲ್ಲಿ ವಾದ ಎದ್ದಿತು. ಮೇಜಿನ ಮೇಲೆ ಕೂತಿಲ್ಲ, ಮುರಿಯಿರಿ ಎಂದು ಕೆಲವರು. ಛಾವಣಿ ಮುಟ್ಟಿಲ್ಲ, ಉಳಿಸಿರಿ ಎಂದು ಕೆಲವರು. ಮಧ್ಯಾಹ್ನವಾದರೂ ಮುಗಿಯಲಿಲ್ಲ. ಆಯಿ ಕೋಲು ಕುಟ್ಟಿ, "ಇದರ ತೀರ್ಮಾನ ಮುಂದಿನ ಅಮಾಸಿಗೆ," ಎಂದಳು. "ಅಲ್ಲೀತನಕ ಇಬ್ಬರೂ ಕೆಲಸ ಮಾಡ್ಕೊಂತ ಇರ್ರಿ. ಆದ್ರ ಮುಂದಿನ ಅಮಾಸಿಗೆ ನಾ ಬ್ಯಾರೆ ಮಾಡಾಕಿನ, ತಿಳೀತಿಲ್ಲ?"

ಆ ದಿನ ಸಂಜೆ ನಿರಾಳದಲ್ಲಿ ಊದಿದ ಬಟ್ಟಲು ಹಂಚು ಸೀಳಿಕೊಂಡು ಹೋಯಿತು, ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಮಾವಾಸ್ಯೆ ಹತ್ತಿರ ಬಂದಂತೆ ಮತ್ತೆ ಹೆದರಿಕೆ ಹುಟ್ಟಿತು. ಆ ವಾರದ ಹೂಜಿಗಳು ಕೈ ಎತ್ತರಕ್ಕೆ ನಿಂತವು. ಚಾವಡಿಗೆ ಹೋದೆವು, ಆಯಿ ಮತ್ತೆ, "ಮುಂದಿನ ಅಮಾಸಿಗೆ ಖಂಡಿತ" ಎಂದಳು. ಮತ್ತೆ ಮುಂದಿನ ಅಮಾಸೆ. ಹೀಗೆ ವರ್ಷಗಳು ಹೋದವು. ಪ್ರತಿ ಸಲವೂ ಅವಳು ಎಷ್ಟು ಕೆಟ್ಟ ಮುಖ ಮಾಡಿಕೊಂಡು ಹೇಳುತ್ತಿದ್ದಳೆಂದರೆ, ಪ್ರತಿ ಸಲವೂ ನಾವು ನಂಬಿ ನಡುಗಿದೆವು. ಈಗ ಊರಿನ ಮನೆಮನೆಯಲ್ಲಿ ನಮ್ಮ ಹೂಜಿಗಳು ನಿಂತಿವೆ. ಕೂಸನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು ಬಗ್ಗದೆ ನೀರು ಕುಡಿಯುತ್ತಾರೆ. ಹಾಸಿಗೆ ಹಿಡಿದವರು ಮಲಗಿದಲ್ಲಿಂದಲೇ ಬೆರಳು ತಾಗಿಸಿ ಎಳೆದುಕೊಳ್ಳುತ್ತಾರೆ. ಕಾಶವ್ವ ನನಗೆ ಬೆಳಗ್ಗೆ ಎರಡು ಸಲ ಬಿಸಿ ಚಹಾ ಕೊಡುತ್ತಾಳೆ. ಜನ ನನ್ನನ್ನು ಕಂಡರೆ ಬರೀ ನಮಸ್ಕಾರ ಹೇಳುತ್ತಾರೆ, ಅದಕ್ಕೆ ಹೊಂದಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು. ಜೈತುನಬಿಯ ಮೊಣಕಾಲು ಈಗ ಮಡಚುವುದಿಲ್ಲ, ಸ್ಟೂಲಿನ ಮೇಲೆ ಕೂತು ಉದ್ದ ಕೋಲಿಗೆ ಇದ್ದಿಲು ಕಟ್ಟಿಕೊಂಡು ಬರೆಯುತ್ತಾರೆ. ಮೊದಲು ಎರಡೇ ಉಸಿರಿಗೆ ಆಗುತ್ತಿದ್ದ ಹೂಜಿಗೆ ನನಗೆ ಈಗ ಮೂರು ಉಸಿರು ಬೇಕು. ನಡುವೆ ನಾನು ಏದುಸಿರು ಬಿಡುವುದನ್ನು ಅವರು ನೋಡಿಯೂ ನೋಡದವರ ಹಾಗೆ ಬೇರೆ ಕಡೆ ತಿರುಗುತ್ತಾರೆ.

ಹೋದ ವರ್ಷ ಆಯಿ ತೀರಿಕೊಂಡಳು. ಅವಳ ಜಾಗಕ್ಕೆ ಬಂದವನು ವಿರೂಪಾಕ್ಷಿ ಎಂಬ ಚುರುಕು ಮನುಷ್ಯ, ಬಾಕಿ ಉಳಿದ ಕೆಲಸ ಕಂಡರೆ ಆಗದವನು. ಮೊನ್ನೆಯ ಅಮಾವಾಸ್ಯೆಗೆ ನಮ್ಮನ್ನು ಕರೆಸಿ, ನಮ್ಮ ಮುಖ ನೋಡಿ ನಕ್ಕ. "ಏನ್ರೀ ಹಿರ್ಯಾರ, ಇಷ್ಟು ವರ್ಷ ನಿಮ್ಮನ್ನ ಹೆದರಿಸಿ ಇಟ್ಟಿದ್ರಲ್ಲ, ಇದೆಂಥಾ ನ್ಯಾಯ? ಇವತ್ತಿಗೆ ಇದು ಮುಗೀತು. ನಿಮ್ಮ ಜೋಡಿ ಜೀವ ಇರೂತನಕ ಖಾಯಂ. ಇನ್ನ ಯಾರೂ ಬ್ಯಾರೆ ಮಾಡೂದಿಲ್ಲ." ಚಾವಡಿಯಲ್ಲಿ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮಿಬ್ಬರ ಕೈಕಾಲು ತಣ್ಣಗಾದವು.

ಹೊರಗೆ ಬಂದು ಭಟ್ಟಿಯ ಕಡೆ ನಡೆದೆವು. ಹೆದರಿಕೆಯೇ ಹೋದ ಮೇಲೆ ಇನ್ನು ಊದಿದ್ದೆಲ್ಲ ಹಾರುತ್ತದೆ, ನಮ್ಮ ಕಸುಬು ಮುಗಿಯಿತು ಎಂದು ಇಬ್ಬರ ತಲೆಯಲ್ಲೂ ಇತ್ತು. ಜೈತುನಬಿ ಹೊಸ್ತಿಲು ದಾಟಲು ಬಾಗಿಲ ಚೌಕಟ್ಟು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒಳಗಿಟ್ಟರು. ಸ್ಟೂಲಿನ ಮೇಲೆ ಕೂತು ಕೋಲು ತಗೊಂಡು ಬರೆದರು. ನಾನು ಮೊದಲ ಉಸಿರು ಊದಿದೆ, ಗೋಡೆಗೆ ಒರಗಿ ನಿಂತೆ. ಎರಡನೆಯದು ಊದಿದೆ, ಕೆಮ್ಮಿದೆ. ಮೂರನೆಯದಕ್ಕೆ ಸ್ವಲ್ಪ ತಡವಾಯಿತು. ಬಿಡಿಸಿ, ಇಕ್ಕಳ ಸಡಿಲ ಮಾಡಿ, ಹಾರಿದರೆ ಹಿಡಿಯಬೇಕೆಂದು ಇನ್ನೊಂದು ಕೈಯಲ್ಲಿ ಒದ್ದೆ ಗೋಣಿಚೀಲ ಎತ್ತಿ ಹಿಡಿದೆ. ಹೂಜಿ ಮೇಲೆ ಎದ್ದಿತು. ಕೈ ಎತ್ತರಕ್ಕೆ ಬಂತು. ಅಲ್ಲೇ ನಿಂತಿತು.

ಇಬ್ಬರೂ ಅದನ್ನು ನೋಡಿದೆವು. ಜೀವ ಇರೂತನಕ ಎಂದಿದ್ದ ಮಾತು ನನ್ನ ಕಿವಿಯಲ್ಲಿತ್ತು. ಬೂದಿಯಲ್ಲಿಟ್ಟು ಚಪ್ಪಡಿ ಎಳೆದು ಬಂದಾಗ ಜೈತುನಬಿ ಕೋಲನ್ನು ಗೋಡೆಗೆ ಆನಿಸುತ್ತಿದ್ದರು.

"ನಾಳಿ ಒಂದೀಟು ಜಲ್ದಿ ಬರ್ರಿ ಅಡಿವೆಪ್ಪಣ್ಣ," ಎಂದರು.

"ನಸುಕಿನ್ಯಾಗ ಬರ್ತೀನಿ," ಎಂದೆ.